ಬಾಗಿಲು ಮುಚ್ಚಿದ ಗಂಟೆಗಳು: ಒಂಟಿಯಾಗಿ ದುಡಿಯುವ ಒಬ್ಬರು, ಎರಡು ನಾಯಿಗಳು

ನಾಯಿಗಳ ವರ್ತನೆಯ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬರುವವರಲ್ಲಿ ಬಹುಪಾಲು ಜನ ನಾಯಿಯನ್ನು ಮನೆಗೆ ತಂದಾದ ಮೇಲೆ ಬರುತ್ತಾರೆ. ತರುವುದಕ್ಕೆ ಮೊದಲು ಬರುವವರು ತೀರ ವಿರಳ. ಇಲ್ಲಿ ದಾಖಲಿಸುತ್ತಿರುವ ಪ್ರಕರಣದಲ್ಲಿ ಒಬ್ಬರೇ ಎರಡು ಸಲ ಬಂದರು, ಮೊದಲ ಸಲ ತಂದ ಮೇಲೆ, ಎರಡನೆಯ ಸಲ ತರುವುದಕ್ಕೆ ಮೊದಲು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರನ್ನು ‘ಕ’ ಎಂದು ಕರೆಯುತ್ತೇನೆ. ಊರು, ಉದ್ಯೋಗ, ಮನೆಯ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ. ನಾಯಿಗಳ ಹೆಸರನ್ನೂ ಹೇಳುತ್ತಿಲ್ಲ, ಏಕೆಂದರೆ ಮೊದಲನೆಯದರ ಹೆಸರು ಎಷ್ಟು ಅಪರೂಪದ್ದೆಂದರೆ ಅದನ್ನು ಕೇಳಿದ ಪರಿಚಯಸ್ಥರು ಉಳಿದದ್ದನ್ನೆಲ್ಲ ಊಹಿಸಿಬಿಡುತ್ತಾರೆ.

ಹಿನ್ನೆಲೆ

ಕ ಅವರು ಮೂವತ್ತರ ಆಸುಪಾಸಿನವರು, ಬಾಡಿಗೆ ಮನೆಯಲ್ಲಿ ಒಬ್ಬರೇ ಇರುವವರು, ವಾರಕ್ಕೆ ಐದು ದಿನ ಕಚೇರಿಗೆ ಹೋಗುವವರು. ಕೆಲಸದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಪರಸ್ಥಳಕ್ಕೆ ಹೋಗಬೇಕಾಗುತ್ತಿತ್ತು. ನಾಯಿ ಬೇಕೆಂಬ ಆಸೆ ಅವರಿಗೆ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಎರಡು ವರ್ಷ ಯೋಚಿಸಿದ್ದರು, ತಳಿಗಳ ಬಗ್ಗೆ ಓದಿದ್ದರು, ಹತ್ತಿರದ ಪಶುವೈದ್ಯರು ಯಾರೆಂದು ವಿಚಾರಿಸಿದ್ದರು, ಮನೆಯ ಮಾಲೀಕರನ್ನು ಕೇಳಿ ಬಾಯಿಮಾತಿನ ಒಪ್ಪಿಗೆಯನ್ನೂ ಪಡೆದಿದ್ದರು. ಯೋಚಿಸದೆ ನಾಯಿ ತಂದವರ ಪ್ರಕರಣ ಇದಾಗಿದ್ದರೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಇಷ್ಟೆಲ್ಲ ಯೋಚಿಸಿದವರೂ ಎಲ್ಲಿ ಎಡವಿದರು ಎಂಬುದನ್ನು ಗುರುತಿಸಬೇಕಾಗಿದೆ.

ಬಾಲ್ಯದಲ್ಲಿ ಅವರ ಮನೆಯಲ್ಲಿ ನಾಯಿ ಇತ್ತು. ಆ ಅನುಭವದ ಬಲದ ಮೇಲೆ ತಮಗೆ ನಾಯಿ ಸಾಕಿ ಗೊತ್ತಿದೆ ಎಂದು ಅವರು ನಂಬಿದ್ದರು. ಆದರೆ ಆ ಮನೆಯಲ್ಲಿ ಆರು ಜನರಿದ್ದರು, ಹಗಲು ಹೊತ್ತು ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ನಾಯಿಯನ್ನು ಸಾಕಿದ್ದು ಆ ಮನೆ. ಕ ಅವರು ಅದರೊಡನೆ ಆಡಿದ್ದರು. ಈ ವ್ಯತ್ಯಾಸ ಅವರಿಗೆ ತಿಳಿದದ್ದು ಬಹಳ ತಡವಾಗಿ, ಮತ್ತು ಇಂಥ ನಂಬಿಕೆಯನ್ನು ನಾನು ಬೇರೆಯವರಲ್ಲೂ ಮತ್ತೆ ಮತ್ತೆ ಕಂಡಿದ್ದೇನೆ.

ಅವರು ಆಯ್ದುಕೊಂಡದ್ದು ಬೀಗಲ್ ತಳಿಯ ಗಂಡು ಮರಿ. ಸಾಧಾರಣ ಗಾತ್ರ, ಗಿಡ್ಡ ಕೂದಲು, ಜನರೊಡನೆ ಹೊಂದಿಕೊಳ್ಳುವ ಸ್ವಭಾವ ಎಂಬುದು ಅವರ ಲೆಕ್ಕಾಚಾರ, ಅದು ತಪ್ಪೂ ಅಲ್ಲ. ಆದರೆ ಬೀಗಲ್‌ ಮೊಲದ ವಾಸನೆ ಹಿಡಿದು ಹಿಂಡಾಗಿ ಬೇಟೆಯಾಡಲೆಂದು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿ. ಹಿಂಡಿನಲ್ಲಿರುವುದು ಅದಕ್ಕೆ ಸಹಜ, ಬಹುದೂರ ಕೇಳುವಂತೆ ಕೂಗುವುದು ಅದರ ಕಸುಬು. ಒಬ್ಬರೇ ಇರುವ, ಗೋಡೆಯಾಚೆಗೆ ನೆರೆಯವರಿರುವ ಮನೆಗೆ ಈ ಎರಡು ಗುಣಗಳು ಗಾತ್ರಕ್ಕಿಂತ ಮುಖ್ಯವಾದವು.

ಮರಿ ಬಂದಾಗ ಅದಕ್ಕೆ ಎಂಟು ವಾರ. ಕ ಅವರು ಕೂಡಿಟ್ಟ ರಜೆಯನ್ನೆಲ್ಲ ಬಳಸಿ ಮೂರು ವಾರ ಮನೆಯಲ್ಲೇ ಉಳಿದರು. ಇದನ್ನು ಕೇಳಿದ ಯಾರಾದರೂ ಮೆಚ್ಚುತ್ತಾರೆ, ನಾನೂ ಮೊದಲ ಭೇಟಿಯಲ್ಲಿ ಮೆಚ್ಚಿದೆ. ಆ ರಜೆಯೇ ಮುಂದಿನ ತೊಂದರೆಗೆ ದಾರಿ ಮಾಡಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ.

ತೊಂದರೆ ಬೆಳೆದ ಬಗೆ

ಆ ಮೂರು ವಾರ ಮರಿ ಒಂದೇ ಒಂದು ದಿನವೂ ಹತ್ತು ನಿಮಿಷ ಒಂಟಿಯಾಗಿರಲಿಲ್ಲ. ಮಡಿಲಲ್ಲಿ ನಿದ್ದೆ, ಎರಡು ಗಂಟೆಗೊಮ್ಮೆ ಹೊರಗೆ, ಅತ್ತ ಕೂಡಲೇ ಎತ್ತಿಕೊಳ್ಳುವ ಕೈ. ಲಸಿಕೆಗಳು ಮುಗಿಯುವ ತನಕ ಹೊರಗಿನ ಸಂಪರ್ಕ ಬೇಡವೆಂದು ಬೇರೆ ಜನರನ್ನೂ ಬೇರೆ ನಾಯಿಗಳನ್ನೂ ಅದು ನೋಡಲಿಲ್ಲ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ನಾಯಿಮರಿಗಳ ಮೇಲೆ ವರ್ಷಗಟ್ಟಲೆ ನಡೆಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ, ಮರಿಯ ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಅದು ಕಂಡು ಕೇಳಿ ಒಗ್ಗಿಕೊಂಡದ್ದು ಮುಂದೆಯೂ ಅದಕ್ಕೆ ಸಹಜವಾಗಿ ಉಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಮಾತು. ರೋಗದ ಅಪಾಯ ನಿಜವೇ ಆದರೂ, ಮರಿಯನ್ನು ಎತ್ತಿಕೊಂಡು ಹೊರಗೆ ತಿರುಗಾಡಿಸುವುದಕ್ಕೆ, ಲಸಿಕೆಯಾದ ಆರೋಗ್ಯವಂತ ನಾಯಿಯಿರುವ ಮನೆಗೆ ಕರೆದೊಯ್ಯುವುದಕ್ಕೆ ಅದು ಅಡ್ಡಿಯಾಗಬೇಕಿಲ್ಲ. ಈ ಮರಿ ಆ ವಾರಗಳಲ್ಲಿ ಕಲಿತದ್ದು ಒಂದೇ ಪಾಠ: ಮನುಷ್ಯರೆಂದರೆ ಒಬ್ಬರು, ಅವರು ಯಾವಾಗಲೂ ಇಲ್ಲೇ ಇರುತ್ತಾರೆ.

ಹನ್ನೆರಡನೆಯ ವಾರದ ಮೊದಲ ದಿನ ಅವರು ಕಚೇರಿಗೆ ಹೋದರು. ಮಧ್ಯಾಹ್ನ ಒಮ್ಮೆ ಬಂದು ಮರಿಯನ್ನು ಹೊರಗೆ ಬಿಡಲು ಪರಿಚಯಸ್ಥರೊಬ್ಬರು ಒಪ್ಪಿದ್ದರು. ಅದು ಸ್ನೇಹಕ್ಕಾಗಿ ಮಾಡಿದ ಉಪಕಾರ, ಎರಡು ವಾರ ಸರಿಯಾಗಿ ನಡೆಯಿತು. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ವಾರಕ್ಕೊಮ್ಮೆ. ಮರಿಯ ವಯಸ್ಸಿನ ತಿಂಗಳಿಗೆ ಒಂದು ಸೇರಿಸಿದರೆ ಬರುವಷ್ಟು ಗಂಟೆ ಅದು ಹೆಚ್ಚೆಂದರೆ ಮೂತ್ರ ತಡೆಯಬಲ್ಲದು ಎಂಬ ಸ್ಥೂಲ ಲೆಕ್ಕವೊಂದಿದೆ. ಮೂರು ತಿಂಗಳೂ ತುಂಬದ ಮರಿಗೆ ಅದು ನಾಲ್ಕು ಗಂಟೆಗೂ ಕಡಿಮೆ. ದೊಡ್ಡ ನಾಯಿಯನ್ನೂ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಿತ್ಯವೂ ಒಂಟಿಯಾಗಿ ಬಿಡಬಾರದೆಂದು ಅನೇಕ ಪ್ರಾಣಿ ಕಲ್ಯಾಣ ಸಂಸ್ಥೆಗಳು ಹೇಳುತ್ತವೆ. ಈ ಮರಿ ಒಂಬತ್ತು ಗಂಟೆಗೂ ಹೆಚ್ಚು ಹೊತ್ತು ಮುಚ್ಚಿದ ಬಾಗಿಲಿನ ಒಳಗಿರುತ್ತಿತ್ತು.

ಐದನೆಯ ತಿಂಗಳಿಗೆ ನೆರೆಯವರಿಂದ ದೂರು ಬಂತು. ಮನೆಗೆ ಮರಳಿದಾಗ ಬಾಗಿಲ ಬಳಿ ಮೂತ್ರ, ಚೌಕಟ್ಟಿನ ಕೆಳಭಾಗ ಕೆರೆದ ಗುರುತು, ಒದ್ದೆಯಾದ ನೆಲ. ದಣಿದು ಬಂದವರಿಗೆ ಕೋಪ ಬರುವುದು ಸಹಜ. ಅವರು ಗದರುತ್ತಿದ್ದರು, ಮರಿ ಕಿವಿ ಹಿಂದಕ್ಕೆಳೆದು ತಲೆ ತಗ್ಗಿಸುತ್ತಿತ್ತು. ‘ಅದಕ್ಕೆ ತನ್ನ ತಪ್ಪು ಗೊತ್ತು’ ಎಂದು ಕ ಅವರು ಮೊದಲ ಭೇಟಿಯಲ್ಲಿ ನನಗೆ ಹೇಳಿದರು. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 14 ನಾಯಿಗಳ ಮೇಲೆ ಮಾಡಿ 2009ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿದ್ದು ಬೇರೆಯದನ್ನೇ: ಆ ತಪ್ಪೊಪ್ಪಿಗೆಯ ಮುಖಭಾವ ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದನ್ನು ಅವಲಂಬಿಸಿರಲಿಲ್ಲ, ಒಡೆಯರು ಗದರಿದರೋ ಇಲ್ಲವೋ ಎಂಬುದನ್ನು ಅವಲಂಬಿಸಿತ್ತು. ಗಂಟೆಗಳ ಹಿಂದೆ ನಡೆದದ್ದಕ್ಕೆ ಈಗ ಗದರಿದರೆ ನಾಯಿ ಕಲಿಯುವುದು ಒಡೆಯರ ಬರುವಿಕೆಯೂ ಭಯದ್ದೇ ಎಂಬುದನ್ನು. ಹೋಗುವುದೂ ಭಯ, ಬರುವುದೂ ಭಯವಾದರೆ ಅದಕ್ಕೆ ಉಳಿಯುವ ನೆಮ್ಮದಿ ಬಹಳ ಕಡಿಮೆ.

ನನ್ನ ಮೊದಲ ಸಲಹೆ ಮತ್ತು ಅದರ ಸೋಲು

ಗದರುವುದನ್ನು ನಿಲ್ಲಿಸಲು ಹೇಳಿದ್ದೊಂದನ್ನು ಬಿಟ್ಟರೆ ಮೊದಲ ಭೇಟಿಯಲ್ಲಿ ನಾನು ನೀಡಿದ ಸಲಹೆ ತಪ್ಪಾಗಿತ್ತು. ಹಲ್ಲು ಬದಲಾಗುವ ವಯಸ್ಸು, ಚಟುವಟಿಕೆಯ ತಳಿ, ದಿನವಿಡೀ ಮಾಡಲು ಕೆಲಸವಿಲ್ಲ. ಇದು ಬೇಸರದ ಪರಿಣಾಮ ಎಂದು ತೀರ್ಮಾನಿಸಿದೆ. ಬೆಳಗಿನ ನಡಿಗೆಯನ್ನು ಇಪ್ಪತ್ತು ನಿಮಿಷದಿಂದ ಐವತ್ತಕ್ಕೆ ಏರಿಸಲು, ಅದರಲ್ಲಿ ಓಡಿಸುವುದಕ್ಕಿಂತ ಮೂಸಲು ಬಿಡುವುದೇ ಹೆಚ್ಚಿರುವಂತೆ ನೋಡಿಕೊಳ್ಳಲು, ಹೊರಡುವಾಗ ಒಳಗೆ ತಿಂಡಿ ತುಂಬಿದ ರಬ್ಬರ್ ಆಟಿಕೆ ಕೊಡಲು ಹೇಳಿದೆ. ಬೇಸರಗೊಂಡ ನಾಯಿಗೆ ಇವೆಲ್ಲ ಒಳ್ಳೆಯ ಮದ್ದು. ಕ ಅವರು ಬೆಳಿಗ್ಗೆ ಮುಂಚೆ ಎದ್ದು ಎರಡು ವಾರ ತಪ್ಪದೆ ಮಾಡಿದರು. ಸ್ಥಿತಿ ಇನ್ನೂ ಕೆಟ್ಟಿತು. ಬಾಗಿಲು ಕೆರೆದು ಮರಿಯ ಉಗುರೊಂದು ಸೀಳಿತು.

ತಿರುವು ಬಂದದ್ದು ಒಂದು ಸಣ್ಣ ದೂರಿನಿಂದ. ‘ಆ ಆಟಿಕೆ ದಂಡ, ನಾನು ಬರುವ ತನಕ ಮುಟ್ಟುವುದೇ ಇಲ್ಲ, ಬಂದ ಮೇಲೆ ಎರಡು ನಿಮಿಷದಲ್ಲಿ ಖಾಲಿ ಮಾಡುತ್ತದೆ’ ಎಂದು ಅವರು ಮಾತಿನ ನಡುವೆ ಹೇಳಿದರು. ಬೀಗಲ್ ತಿಂಡಿಯನ್ನು ಮುಂದಿಟ್ಟುಕೊಂಡು ಒಂಬತ್ತು ಗಂಟೆ ಮುಟ್ಟದೆ ಕೂತಿದೆ ಎಂದರೆ ಅದಕ್ಕೆ ಬೇಸರವಾಗಿರಲು ಸಾಧ್ಯವಿಲ್ಲ. ಗಾಬರಿಗೊಂಡ ಪ್ರಾಣಿ ತಿನ್ನುವುದಿಲ್ಲ. ಹಾನಿ ಎಲ್ಲಿ ಆಗಿದೆ ಎಂಬುದನ್ನೂ ನಾನು ಮೊದಲೇ ಗಮನಿಸಬೇಕಿತ್ತು. ಬೇಸರದ ನಾಯಿ ಕೈಗೆ ಸಿಕ್ಕಿದ ಚಪ್ಪಲಿ, ದಿಂಬು, ಕಾಗದ ಎಲ್ಲವನ್ನೂ ಹರಿದು ಆಡುತ್ತದೆ. ಈ ಮನೆಯಲ್ಲಿ ದಿಂಬುಗಳು ಹಾಗೇ ಇದ್ದವು, ಹಾಳಾದದ್ದು ಕ ಅವರು ಹೊರಗೆ ಹೋದ ಬಾಗಿಲು ಮಾತ್ರ.

ಹಳೆಯ ಫೋನೊಂದನ್ನು ಕಪಾಟಿನ ಮೇಲಿಟ್ಟು ವಿಡಿಯೊ ಮಾಡಲು ಹೇಳಿದೆ. ಬೀಗದ ಕೈ ಸದ್ದಾದಾಗಲೇ ಮರಿ ಏದುಸಿರು ಬಿಡಲು ಆರಂಭಿಸಿತ್ತು. ಬಾಗಿಲು ಮುಚ್ಚಿ ಒಂದೂವರೆ ನಿಮಿಷಕ್ಕೆ ಅತ್ತಿಂದಿತ್ತ ಓಡಾಟ, ಏಳನೆಯ ನಿಮಿಷಕ್ಕೆ ಊಳು, ಹನ್ನೊಂದನೆಯ ನಿಮಿಷಕ್ಕೆ ಬಾಗಿಲು ಕೆರೆತ. ನೆಲ ಒದ್ದೆಯಾಗಿದ್ದದ್ದು ಬಹುಪಾಲು ಜೊಲ್ಲಿನಿಂದ. ಅಗಲಿಕೆಯ ಆತಂಕದ ಲಕ್ಷಣಗಳು ಹೆಚ್ಚಾಗಿ ಹೋದ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತವೆ, ಹಾಗಾಗಿ ಅರ್ಧ ಗಂಟೆಯ ವಿಡಿಯೊ ನೋಡಿದರೆ ಅನುಮಾನ ಸಾಮಾನ್ಯವಾಗಿ ತೀರುತ್ತದೆ. ಮೊದಲ ದಿನವೇ ಅದನ್ನು ಕೇಳಿದ್ದರೆ ಎರಡು ವಾರ ಉಳಿಯುತ್ತಿತ್ತು. ಈಗ ನಾನು ಯಾರ ಮಾತನ್ನು ಕೇಳುವುದಕ್ಕೂ ಮುಂಚೆ ವಿಡಿಯೊ ಕೇಳುತ್ತೇನೆ.

ಈ ನಡುವೆ ಯಾರದೋ ಮಾತು ಕೇಳಿ ಕ ಅವರು ಒಂದು ದಿನ ಮರಿಯನ್ನು ಕಂಬಿಗಳ ಪಂಜರದಲ್ಲಿ ಬಿಟ್ಟು ಹೋದರು. ನಿಧಾನವಾಗಿ ಅಭ್ಯಾಸ ಮಾಡಿಸಿದ ನಾಯಿಗೆ ಪಂಜರ ಗೂಡಿನಂತಾಗಬಹುದು. ಗಾಬರಿಯಲ್ಲಿರುವ ನಾಯಿಗೆ ಅದು ಬಲೆ. ಸಂಜೆ ಬಂದಾಗ ಒಸಡಿನಲ್ಲಿ ರಕ್ತವಿತ್ತು. ಆ ಪಂಜರ ಮತ್ತೆ ಬಳಕೆಯಾಗಲಿಲ್ಲ.

ಹತ್ತು ವಾರಗಳ ಪ್ರಯತ್ನ

ಇಂಥ ಆತಂಕಕ್ಕೆ ಇರುವ ಚಿಕಿತ್ಸೆ ಸರಳ, ಆದರೆ ದುಡಿಯುವವರಿಗೆ ಬಹಳ ದುಬಾರಿ. ನಾಯಿ ಗಾಬರಿಯಾಗದೆ ಎಷ್ಟು ಹೊತ್ತು ಒಂಟಿಯಾಗಿರಬಲ್ಲದೋ ಅಷ್ಟೇ ಹೊತ್ತು ಬಿಟ್ಟು, ಅದು ಗಾಬರಿಯಾಗುವ ಮುಂಚೆಯೇ ಮರಳಿ ಬಂದು, ಆ ಅವಧಿಯನ್ನು ದಿನದಿಂದ ದಿನಕ್ಕೆ ಚೂರು ಚೂರಾಗಿ ಹಿಗ್ಗಿಸಬೇಕು. ಈ ಮರಿಯ ಮಟ್ಟಿಗೆ ಅದು ಆರಂಭದಲ್ಲಿ ಒಂದು ನಿಮಿಷ. ಅಭ್ಯಾಸ ನಡೆಯುವಷ್ಟು ಕಾಲ ಅದನ್ನು ಮಿತಿ ಮೀರಿ ಬಿಡುವಂತಿಲ್ಲ. ಬೆಳಿಗ್ಗೆ ಒಂದು ನಿಮಿಷದ ಅಭ್ಯಾಸ ಮಾಡಿಸಿ ಆಮೇಲೆ ಒಂಬತ್ತು ಗಂಟೆ ಬಿಟ್ಟು ಹೋದರೆ, ಬೆಳಿಗ್ಗೆ ಕಟ್ಟಿದ ಗೋಡೆಯನ್ನು ಸಂಜೆಯೊಳಗೆ ಕೆಡವಿದಂತೆ. ಅಂದರೆ ವಾರದ ಐದು ದಿನ, ಒಂಬತ್ತು ಗಂಟೆಗಳಿಗೆ ಯಾರಾದರೂ ಬೇಕು.

ಕ ಅವರು ಕಚೇರಿಯಲ್ಲಿ ಕೇಳಿದರು, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು. ಎರಡು ದಿನ ಹಗಲು ನಾಯಿ ನೋಡಿಕೊಳ್ಳುವ ಕೇಂದ್ರಕ್ಕೆ ಬಿಟ್ಟರು. ಉಳಿದ ಒಂದು ದಿನಕ್ಕೆ ಪ್ರತಿ ವಾರ ಹೊಸ ಹುಡುಕಾಟ. ಪಶುವೈದ್ಯರು ಪರೀಕ್ಷಿಸಿ ಮೂತ್ರದ ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು ಆತಂಕ ತಗ್ಗಿಸುವ ಫ್ಲುಯೊಕ್ಸೆಟೀನ್ ಎಂಬ ಔಷಧಿ ಆರಂಭಿಸಿದರು. ಔಷಧಿ ಕೊಟ್ಟರೆ ನಾಯಿ ಮಂಕಾಗುತ್ತದೆ ಎಂಬ ಅಳುಕು ಅನೇಕರಿಗಿದೆ. ಇಂಥ ಔಷಧಿಯ ಉದ್ದೇಶ ಮಂಕು ಕವಿಸುವುದಲ್ಲ, ಕಲಿಯಲು ಸಾಧ್ಯವಾಗುವಷ್ಟಕ್ಕೆ ಭಯವನ್ನು ತಗ್ಗಿಸುವುದು. ಅದು ಪರಿಣಾಮ ತೋರಲು ಕೆಲವು ವಾರಗಳೇ ಬೇಕು, ಮತ್ತು ಅಭ್ಯಾಸವಿಲ್ಲದೆ ಔಷಧಿಯೊಂದರಿಂದಲೇ ಹೆಚ್ಚೇನೂ ಆಗುವುದಿಲ್ಲ.

ಹತ್ತು ವಾರಗಳಲ್ಲಿ ಒಂದು ನಿಮಿಷ ಇಪ್ಪತ್ತೈದು ನಿಮಿಷವಾಯಿತು. ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯ ಪ್ರಗತಿ. ಅವರ ದೃಷ್ಟಿಯಲ್ಲಿ ಕಚೇರಿಗೆ ಹೋಗುವ ದಾರಿಯ ಅರ್ಧವೂ ಅಲ್ಲ. ಆಗ ನಾಲ್ಕು ದಿನಗಳ ಕೆಲಸದ ಪ್ರಯಾಣ ಬಂತು, ತಪ್ಪಿಸಿಕೊಳ್ಳಲು ಆಗಲಿಲ್ಲ, ನಾಯಿಯನ್ನು ಅದಕ್ಕೆ ಗುರುತಿಲ್ಲದ ವಸತಿ ಕೇಂದ್ರದಲ್ಲಿ ಬಿಡಬೇಕಾಯಿತು. ಮರಳಿ ಬಂದ ಮೇಲೆ ಇಪ್ಪತ್ತೈದು ಐದಕ್ಕಿಳಿದಿತ್ತು. ಅದೇ ವಾರ ಮನೆಯ ಮಾಲೀಕರು ನಾಯಿ ಹೋಗಬೇಕು, ಇಲ್ಲವೇ ಮನೆ ಖಾಲಿಯಾಗಬೇಕು ಎಂದು ಬರವಣಿಗೆಯಲ್ಲೇ ತಿಳಿಸಿದರು. ಅನುಮತಿ ಬಾಯಿಮಾತಿನದಾಗಿತ್ತು, ನಿರಾಕರಣೆ ಮಾತ್ರ ಕಾಗದದ ಮೇಲೆ ಬಂತು.

ನಿರ್ಧಾರ

ಮುಂದಿದ್ದ ದಾರಿಗಳು ಮೂರು: ಮನೆ ಬದಲಿಸಿ ಅಭ್ಯಾಸವನ್ನು ಮತ್ತೆ ಮೊದಲಿನಿಂದ ಆರಂಭಿಸುವುದು, ಕೆಲಸ ಬದಲಿಸುವುದು, ನಾಯಿಗೆ ಬೇರೆ ಮನೆ ಹುಡುಕುವುದು. ಇನ್ನೊಂದು ನಾಯಿ ತಂದರೆ ಜೊತೆಯಾಗುತ್ತದಲ್ಲ ಎಂದು ಕ ಅವರು ಕೇಳಿದರು. ಈ ನಾಯಿಗೆ ಕೊರತೆಯಾಗುತ್ತಿದ್ದದ್ದು ಮನುಷ್ಯರದು; ಹಗಲು ಕೇಂದ್ರದಲ್ಲಿ ಹತ್ತು ನಾಯಿಗಳ ನಡುವೆಯೂ ಅದು ಬಾಗಿಲು ಕಾಯುತ್ತಿತ್ತೆಂದು ಅಲ್ಲಿಯವರು ಹೇಳಿದ್ದರು. ಎರಡನೆಯ ನಾಯಿ ಎರಡನೆಯ ಹೊಣೆಯಾಗುವ ಸಾಧ್ಯತೆಯೇ ಹೆಚ್ಚಿತ್ತು.

ಯಾವ ದಾರಿ ಹಿಡಿಯಬೇಕೆಂದು ನಾನು ಹೇಳಲಿಲ್ಲ. ನಾಯಿಯನ್ನು ಬೇರೆಯವರಿಗೆ ಕೊಡುವುದೆಂದರೆ ಕೈಬಿಡುವುದು ಎಂಬ ಭಾವನೆ ಬಲವಾಗಿದೆ, ಹಾಗೆ ಕೊಟ್ಟವರನ್ನು ಜನ ಸುಲಭವಾಗಿ ಹೀಗಳೆಯುತ್ತಾರೆ. ಆ ಮಾತಿಗೆ ಹೆದರಿ ವರ್ಷಗಟ್ಟಲೆ ದಿನಕ್ಕೆ ಒಂಬತ್ತು ಗಂಟೆ ಗಾಬರಿಯಲ್ಲಿ ಕಳೆಯುವ ನಾಯಿಗಳನ್ನೂ ನಾನು ಬಲ್ಲೆ. ಕ ಅವರು ಮೂರನೆಯ ದಾರಿಯನ್ನು ಆರಿಸಿಕೊಂಡರು, ಆದರೆ ಮೊದಲು ಸಿಕ್ಕವರಿಗೆ ಕೊಡಲಿಲ್ಲ. ಇಬ್ಬರಿರುವ, ಒಬ್ಬರು ಸದಾ ಮನೆಯಿಂದಲೇ ಕೆಲಸ ಮಾಡುವ ಮನೆಯೊಂದು ಸಿಕ್ಕಿತು. ಮೂರು ಸಲ ಅಲ್ಲಿಗೆ ಕರೆದೊಯ್ದರು, ಮೂರನೆಯ ಸಲ ಒಂದು ರಾತ್ರಿ ಬಿಟ್ಟರು. ಲಸಿಕೆಯ ದಾಖಲೆ, ಔಷಧಿಯ ವಿವರದೊಡನೆ ಆ ವಿಡಿಯೊವನ್ನೂ ಅವರಿಗೆ ತೋರಿಸಿದರು. ಈ ಕೊನೆಯ ಕೆಲಸಕ್ಕೆ ಧೈರ್ಯ ಬೇಕು. ದೋಷ ಮುಚ್ಚಿಟ್ಟು ಕೊಟ್ಟ ನಾಯಿಗಳೇ ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆಯುತ್ತವೆ.

ನಾಯಿ ಹೋದಾಗ ಅದಕ್ಕೆ ಹನ್ನೊಂದು ತಿಂಗಳು. ಒಂದು ವರ್ಷದ ನಂತರ ಹೊಸ ಮನೆಯವರು ತಿಳಿಸಿದಂತೆ ಅದು ಎರಡು ಗಂಟೆಯವರೆಗೆ ಒಂಟಿಯಾಗಿರಬಲ್ಲದು. ಪೂರ್ತಿ ವಾಸಿಯಾಗಿಲ್ಲ, ಆ ಮನೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿರುವ ಸಂದರ್ಭವೂ ಬರುವುದಿಲ್ಲ.

ಎರಡನೆಯ ಭೇಟಿ

ಒಂದೂವರೆ ವರ್ಷದ ಮೇಲೆ ಕ ಅವರು ಮತ್ತೆ ಬಂದರು, ಈ ಸಲ ನಾಯಿಯಿಲ್ಲದೆ. ತಾವು ಮತ್ತೆ ನಾಯಿ ಸಾಕಬಹುದೇ ಎಂಬುದು ಅವರ ಪ್ರಶ್ನೆ. ಮೊದಲ ಸಲ ಅವರು ತಮ್ಮನ್ನು ಕೇಳಿಕೊಂಡದ್ದು ‘ನನಗೆ ನಾಯಿಗೆ ಕೊಡಲು ಸಮಯವಿದೆಯೇ?’ ಎಂದು, ಅದಕ್ಕೆ ಉತ್ತರ ಹೌದೆಂದೇ ಇತ್ತು: ಬೆಳಿಗ್ಗೆ ಎರಡು ಗಂಟೆ, ಸಂಜೆ ನಾಲ್ಕು, ವಾರದ ಕೊನೆಯ ಎರಡು ದಿನ ಪೂರ್ತಿ. ಅವರ ಲೆಕ್ಕದಲ್ಲಿ ಇಲ್ಲದ್ದು ತಾವು ಇಲ್ಲದ ಹೊತ್ತು. ಆದ್ದರಿಂದ ತಳಿಯ ಮಾತಿಗೆ ಹೋಗುವ ಮುಂಚೆ, ನಾಲ್ಕು ವಾರ ಪ್ರತಿದಿನ ಮನೆಯ ಬಾಗಿಲು ಮುಚ್ಚಿದ ಮತ್ತು ತೆರೆದ ಸಮಯವನ್ನು ಬರೆದಿಡಲು ಕೇಳಿದೆ. ಎಂಟೂವರೆ ಗಂಟೆ ಎಂದು ಅವರು ಅಂದಾಜಿಸಿದ್ದರು. ಬರೆದದ್ದನ್ನು ಕೂಡಿಸಿದಾಗ ಕಚೇರಿಯ ದಿನಗಳ ಸರಾಸರಿ ಹತ್ತು ಗಂಟೆ ಇಪ್ಪತ್ತು ನಿಮಿಷ ಬಂತು. ಕೆಲಸದ ಅವಧಿಗೆ ಪ್ರಯಾಣ, ದಾರಿಯಲ್ಲಿ ಮುಗಿಸಿ ಬರುವ ಸಣ್ಣ ಕೆಲಸಗಳು, ವಾರಕ್ಕೆರಡು ಸಲ ಸಹೋದ್ಯೋಗಿಗಳೊಡನೆ ಕಳೆಯುವ ಸಂಜೆ ಎಲ್ಲ ಸೇರಿ ಬರುವ ಅಂಕಿ ಅದು. ಗಡಿಯಾರ ನೋಡಿ ಬರೆಯದೆ ಈ ಅಂಕಿಯನ್ನು ಸರಿಯಾಗಿ ಹೇಳಿದವರು ನನಗೆ ಇನ್ನೂ ಸಿಕ್ಕಿಲ್ಲ.

ಆ ಪುಟಗಳನ್ನು ನೋಡಿ ಅವರು ‘ಹಾಗಾದರೆ ಬೇಡ’ ಎಂದರು. ಬೇಡವೆನ್ನುವುದೂ ಗೌರವದ ಉತ್ತರವೇ, ನಾನು ಒತ್ತಾಯಿಸಲಿಲ್ಲ. ಆದರೆ ಎಂಟು ತಿಂಗಳ ನಂತರ ಅವರು ಕಚೇರಿಗೆ ಹತ್ತಿರವಾದ ಮನೆಗೆ, ಬಾಡಿಗೆ ಕರಾರಿನಲ್ಲೇ ನಾಯಿಗೆ ಅನುಮತಿ ಬರೆಸಿಕೊಂಡು, ಬಂದಿದ್ದರು. ಪ್ರಯಾಣವಿಲ್ಲದ ವಿಭಾಗಕ್ಕೆ ಬದಲಾವಣೆ ಕೇಳಿ ಪಡೆದಿದ್ದರು. ನಾಯಿಗಾಗಿ ಎಂದು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ.

ಆಮೇಲೆ ಆರು ವಾರ ನಾಯಿ ಇದೆಯೆಂದುಕೊಂಡೇ ಬದುಕಲು ಸೂಚಿಸಿದೆ. ಬೆಳಿಗ್ಗೆ ನಲವತ್ತು ನಿಮಿಷ, ಮಳೆಯಿರಲಿ ಜ್ವರವಿರಲಿ, ಖಾಲಿ ಕೈಯಲ್ಲಿ ನಡೆಯುವುದು. ಆಹಾರ, ಲಸಿಕೆ, ಹಗಲು ನೋಡಿಕೊಳ್ಳುವವರ ಸಂಬಳ, ಅಕಸ್ಮಾತ್ತಿನ ಚಿಕಿತ್ಸೆ ಇವುಗಳಿಗೆ ಬೇಕಾಗುವ ಹಣವನ್ನು ತಿಂಗಳ ಮೊದಲ ದಿನವೇ ಬೇರೆ ಇಡುವುದು. ಮಧ್ಯಾಹ್ನ ಬಂದು ಹೋಗುವವರನ್ನು, ಈ ಸಲ ಉಪಕಾರವಾಗಿ ಅಲ್ಲದೆ ಸಂಬಳಕ್ಕೆ, ಈಗಲೇ ಗೊತ್ತುಮಾಡಿ ಖಾಲಿ ಮನೆಗೆ ಬರುವಂತೆ ಹೇಳುವುದು. ನಾಯಿಯಿಲ್ಲದ ಮನೆಗೆ ಬಂದು ಹೋಗಲು ಹಣ ಕೊಡುವುದು ಹುಚ್ಚುತನದಂತೆ ಕಾಣುತ್ತದೆ, ಹಾಗೆ ಬಂದವರೂ ನಕ್ಕಿರಬೇಕು. ಆದರೆ ಮೂರನೆಯ ವಾರ ಅವರಿಗೆ ಅನಾರೋಗ್ಯವಾಗಿ ನಾಲ್ಕು ದಿನ ಬರಲಿಲ್ಲ, ಬದಲಿಗೆ ಯಾರೂ ಇರಲಿಲ್ಲ. ಒಳಗೆ ನಾಯಿ ಕಾಯುತ್ತಿಲ್ಲದಿದ್ದರಿಂದ ಆ ಕೊರತೆ ಒಂದು ಪಾಠವಾಗಿ ಮುಗಿಯಿತು, ಕ ಅವರು ಎರಡನೆಯವರನ್ನೂ ಗೊತ್ತುಮಾಡಿದರು. ನಡಿಗೆ ಆರು ವಾರಗಳಲ್ಲಿ ಐದು ದಿನ ತಪ್ಪಿತು, ಐದೂ ಹಿಂದಿನ ರಾತ್ರಿ ತಡವಾಗಿ ಮಲಗಿದ ದಿನಗಳು.

ಈ ಸಲ ಮರಿಯನ್ನು ತರಲಿಲ್ಲ. ಆರು ವರ್ಷದ ಮಿಶ್ರ ತಳಿಯ ಹೆಣ್ಣು ನಾಯಿಯೊಂದು, ಹಿಂದಿನ ಒಡೆಯರೂ ಕಚೇರಿಗೆ ಹೋಗುತ್ತಿದ್ದವರು, ಅವರು ಬೇರೆ ದೇಶಕ್ಕೆ ಹೋಗುವಾಗ ಬಿಟ್ಟುಕೊಟ್ಟದ್ದು. ಮರಿಯ ಸ್ವಭಾವ ಮುಂದೆ ಹೇಗಾಗುತ್ತದೆಂದು ಊಹಿಸಬೇಕು, ಬೆಳೆದ ನಾಯಿಯದನ್ನು ನೋಡಬಹುದು; ಅದು ನಾಲ್ಕು ಗಂಟೆ ಒಂಟಿಯಾಗಿರಬಲ್ಲದೇ ಎಂಬ ಪ್ರಶ್ನೆಗೆ ವಿಡಿಯೊದಲ್ಲೇ ಉತ್ತರವಿರುತ್ತದೆ. ಮೂರು ವಾರ ತಾತ್ಕಾಲಿಕವಾಗಿ ಇಟ್ಟುಕೊಂಡು, ಹೊಂದದಿದ್ದರೆ ಹಿಂತಿರುಗಿಸಬಹುದೆಂಬ ಒಪ್ಪಂದದ ಮೇಲೆ ಕರೆತಂದರು. ರಜೆ ಹಾಕಿದ್ದು ಒಂದೇ ವಾರ, ಆ ವಾರದಲ್ಲೂ ಎರಡನೆಯ ದಿನದಿಂದಲೇ ಹೊರಗೆ ಹೋಗಿ ಬರುತ್ತಿದ್ದರು: ಒಂದು ನಿಮಿಷ, ಮೂರು, ಹತ್ತು, ಅರ್ಧ ಗಂಟೆ. ಹೋಗುವಾಗ ಮುದ್ದಿಲ್ಲ, ಬಂದಾಗ ಸಂಭ್ರಮವಿಲ್ಲ.

ಮೂರನೆಯ ವಾರದ ವಿಡಿಯೊದಲ್ಲಿ ನಾಯಿ ಬಾಗಿಲನ್ನು ಒಂದು ನಿಮಿಷ ನೋಡಿತು, ಅಡುಗೆಮನೆಯವರೆಗೆ ಹೋಗಿ ಬಂತು, ಆಟಿಕೆಯೊಳಗಿನ ತಿಂಡಿ ಮುಗಿಸಿತು, ತನಗೆ ನಿಷಿದ್ಧವಾದ ಸೋಫಾದ ಮೇಲೇರಿ ಮಧ್ಯಾಹ್ನದವರು ಬರುವ ತನಕ ಮಲಗಿತು. ಮುಗಿಸಿದ್ದ ಆ ಆಟಿಕೆಯನ್ನು ಕ ಅವರು ನನಗೆ ಬೇರೆಯಾಗಿ ಫೋಟೊ ತೆಗೆದು ಕಳಿಸಿದ್ದರು.

ಇದು ನಡೆದು ಎರಡು ವರ್ಷವಾಗಿದೆ. ನಾಯಿಗೆ ಈಗ ಎಂಟು. ವಯಸ್ಸಾದಂತೆ ಅದು ಮೂತ್ರ ತಡೆಯುವ ಅವಧಿ ತಗ್ಗಬಹುದು, ಮಧ್ಯಾಹ್ನದ ಒಂದು ಭೇಟಿ ಸಾಲದೆ ಹೋಗಬಹುದು. ದಿನಕ್ಕೆ ಎರಡು ಸಲ ಬರಲು ಆಗುತ್ತದೆಯೇ ಎಂದು ಕ ಅವರು ಆ ಇಬ್ಬರನ್ನೂ ಈಗಾಗಲೇ ಕೇಳಿದ್ದಾರೆ, ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಬಾಗಿಲಿನ ಸಮಯ ಬರೆಯುವುದನ್ನು ಅವರು ಇನ್ನೂ ನಿಲ್ಲಿಸಿಲ್ಲ.